ಆಕ್ಟೇನ್ ಅಂದ್ರೆ ಪಿಕಪ್ ಅಲ್ಲ

ಹಾಸನದ ಬಿ.ಎಂ. ರಸ್ತೆಯ ಒಂದು ಬಂಕಿನಲ್ಲಿ ನಾನು ಸೂಪರ್‌ವೈಸರ್. ಶನಿವಾರ ಬೆಳಗಾದರೆ ಸಕಲೇಶಪುರ, ಬಿಸಿಲೆ ಕಡೆ ಹೊರಟ ಬೈಕುಗಳ ಸಾಲು. 'ಅಣ್ಣ, ಪ್ರೀಮಿಯಂ ಹಾಕಿಸಿದ್ರೆ ಘಾಟಿಯಲ್ಲಿ ಚೆನ್ನಾಗಿ ಎಳೆಯುತ್ತಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಪ್ರೀಮಿಯಂ ಅಂದ್ರೆ ಆಕ್ಟೇನ್ ಜಾಸ್ತಿ ಅಂತ ಹೆಚ್ಚು ದುಡ್ಡಿಗೆ ಮಾರುವ ಪೆಟ್ರೋಲು. ನೂರು ಸಿಸಿ ಗಾಡಿ ಆದರೆ, 'ಬೇಡಪ್ಪ, ಮಾಮೂಲಿದೇ ಹಾಕಿಸು' ಅಂತೀನಿ. ಮಾರೋರೇ ಹೀಗೆ ಹೇಳಬಹುದಾ ಅಂತ ನಮ್ಮ ಹುಡುಗರಿಗೆ ಆಶ್ಚರ್ಯ. ಹೇಳಲೇಬೇಕು, ದುಡ್ಡು ಅವರದು.

ಸಿಲಿಂಡರಿನೊಳಗೆ ಪೆಟ್ರೋಲು-ಗಾಳಿಯನ್ನು ಪಿಸ್ಟನ್ ಒತ್ತಿದಷ್ಟೂ ಬಿಸಿ ಏರುತ್ತೆ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಬಂದು ಮುಟ್ಟುವ ಮೊದಲೇ ಅಂಚಿನಲ್ಲಿ ಉಳಿದದ್ದು ತಾನಾಗಿ ಹೊತ್ತಿಕೊಂಡರೆ ಕಟಕಟ ಸದ್ದು ಬರುತ್ತೆ, ಅದೇ ನಾಕಿಂಗ್. ಹಾಗೆ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣದ ಅಳತೆ ಆಕ್ಟೇನ್. ಐಸೋ-ಆಕ್ಟೇನ್ ಅನ್ನೋ ದ್ರವಕ್ಕೆ 100, ಹೆಪ್ಟೇನ್ ಅನ್ನೋ ದ್ರವಕ್ಕೆ 0 ಅಂತ ಇಟ್ಟುಕೊಂಡಿದ್ದಾರೆ. ಇವೆರಡನ್ನು 95ಕ್ಕೆ 5ರಂತೆ ಬೆರೆಸಿದರೆ ಎಷ್ಟು ತಾಳುತ್ತದೋ ಅಷ್ಟು ತಾಳುವ ಪೆಟ್ರೋಲು 95. ಅದರಲ್ಲಿ ಎಷ್ಟು ಶಕ್ತಿ ಇದೆ ಅನ್ನೋದನ್ನ ಈ ಅಂಕಿ ಹೇಳೋದೇ ಇಲ್ಲ.

ಎಥೆನಾಲನ್ನೇ ನೋಡಿ. ಅದರ ಆಕ್ಟೇನ್ ನೂರಕ್ಕಿಂತ ಜಾಸ್ತಿ, ಆದರೆ ಲೀಟರಿಗೆ ಸಿಗುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಬಿಎಸ್-6 ಅನ್ನೋ ಹೊಗೆ ಮಾಲಿನ್ಯದ ನಿಯಮದಲ್ಲಿ ಮಾಮೂಲಿ ಪೆಟ್ರೋಲಿಗೆ ಕನಿಷ್ಠ 91 ಇತ್ತು. ಇ20, ಅಂದ್ರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು ಬಂದ ಮೇಲೆ ಅದು 95 ಮುಟ್ಟಿದೆ ಅಂತ ಕೇಂದ್ರ ಪೆಟ್ರೋಲಿಯಂ ಸಚಿವಾಲಯವೇ 2025ರಲ್ಲಿ ಹೇಳಿತು. ಆಕ್ಟೇನ್ ಏರಿತು, ಮೈಲೇಜ್ ಮಾತ್ರ ಸ್ವಲ್ಪ ಇಳಿಯಿತು.

ಹಾಗಂತ ಪ್ರೀಮಿಯಂ ದಂಡ ಅಲ್ಲ. ಕಂಪ್ರೆಷನ್, ಅಂದ್ರೆ ಪಿಸ್ಟನ್ ಒತ್ತುವ ಪ್ರಮಾಣ ಜಾಸ್ತಿ ಇರುವ ಎಂಜಿನ್, ಕೆಲವು ಟರ್ಬೊ ಕಾರುಗಳಿಗೆ ಕಂಪನಿಯವರೇ ಹೆಚ್ಚಿನ ಆಕ್ಟೇನ್ ಕೇಳಿರುತ್ತಾರೆ. ಟ್ಯಾಂಕಿನ ಮುಚ್ಚಳದ ಒಳಗೆ ಇಲ್ಲವೇ ಗಾಡಿಯ ಪುಸ್ತಕದಲ್ಲಿ ಬರೆದಿರುತ್ತೆ. ಅಂಥವರು ಅಲ್ಲಿ ಜಿಪುಣತನ ಮಾಡಬಾರದು. ಕಡಿಮೆ ಆಕ್ಟೇನ್ ಹಾಕಿಸಿದರೂ, ನಾಕಿಂಗ್ ಗುರುತಿಸುವ ನಾಕ್ ಸೆನ್ಸರ್ ಕಿಡಿಯನ್ನು ತಡವಾಗಿಸಿ ಎಂಜಿನ್ನನ್ನು ಕಾಪಾಡುತ್ತೆ ನಿಜ, ಆದರೆ ಕೊಟ್ಟ ದುಡ್ಡಿನ ಪವರ್ ಸಿಗಲ್ಲ. ಇಂಜೆಕ್ಟರ್, ವಾಲ್ವಿನ ಕೊಳೆ ಬಿಡಿಸುವ ಅಂಶ ಪ್ರೀಮಿಯಂನಲ್ಲಿ ಇರುತ್ತೆ. ಅದು ಉಪಯೋಗದ್ದೇ, ಆದರೆ ಆಕ್ಟೇನಿಗೂ ಅದಕ್ಕೂ ಸಂಬಂಧ ಇಲ್ಲ.

ಘಾಟಿಯಲ್ಲಿ ಕಟಕಟ ಅನ್ನೋ ಮಾಮೂಲಿ ಬೈಕಿನವರು ಮೊದಲು ಗೇರ್ ನೋಡಿಕೊಳ್ಳಲಿ. ಹಿಂದೆ ಒಬ್ಬರನ್ನು ಕೂರಿಸಿಕೊಂಡು ಟಾಪ್ ಗೇರಿನಲ್ಲೇ ಆಕ್ಸಿಲರೇಟರ್ ತಿರುವಿದರೆ ಎಂಜಿನ್ ಒದ್ದಾಡುತ್ತೆ. ಒಂದು ಗೇರ್ ಇಳಿಸಿದರೆ ಬಹಳಷ್ಟು ಸಲ ಸದ್ದು ಅಲ್ಲೇ ನಿಲ್ಲುತ್ತೆ. ಆಮೇಲೂ ನಿಲ್ಲದಿದ್ದರೆ ಬಂಕಿಗಲ್ಲ, ಮೆಕ್ಯಾನಿಕ್ ಹತ್ತಿರ ಹೋಗಿ.