ಅಂತರಗಂಗೆ ಗುಹೆಗೆ ನುಗ್ಗುವ ಮುಂಚೆ ಕಾಲ ಕೆಳಗಿನ ಗರಸು ನೋಡಿ

ಕೋಲಾರ ಪಟ್ಟಣದ ಮಗ್ಗುಲಲ್ಲೇ ಅಂತರಗಂಗೆ ಬೆಟ್ಟ. ಕಾಶಿ ವಿಶ್ವೇಶ್ವರ ದೇವಸ್ಥಾನದವರೆಗೆ ಕಲ್ಲಿನ ಮೆಟ್ಟಿಲಿದೆ, ಮಕ್ಕಳೂ ಹತ್ತುತ್ತಾರೆ. ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುವುದು ಅಲ್ಲೇ. ಜನ ಬೀಳುವುದು ಅಲ್ಲಿಂದ ಮೇಲಕ್ಕೆ, ಗುಹೆಗಳಿರುವ ಕುರುಚಲು ಕಾಡಿನ ಗುಂಡುಬಂಡೆಗಳ ನಡುವೆ.

ಸುಣ್ಣಕಲ್ಲಾದರೆ ಮಳೆನೀರು ಅದನ್ನು ಕರಗಿಸಿಯೇ ಗುಹೆ ಕೊರೆಯುತ್ತದೆ. ಇಲ್ಲಿನ ಗ್ರಾನೈಟ್ ಹಾಗೆ ಕರಗುವ ಕಲ್ಲಲ್ಲ. ಬಿರುಕುಗುಂಟ ಸವೆದು ಗುಂಡಾದ ಬಂಡೆಗಳು ಒಂದಕ್ಕೊಂದು ಒರಗಿ ನಿಂತಿವೆ, ಆ ಸಂದುಗಳನ್ನೇ ಗುಹೆ ಎನ್ನುತ್ತೇವೆ. ಹಾಗಾಗಿ ಒಳಗೆ ಸಮನೆಲ ಸಿಗುವುದಿಲ್ಲ. ಎರಡು ಬಂಡೆಯ ನಡುವೆ ಕಾಲು ಸಿಕ್ಕಿಕೊಳ್ಳುವಷ್ಟು ಕಂಡಿ ಇರುತ್ತದೆ. ಬ್ಯಾಗನ್ನು ಬೆನ್ನಿಂದ ಎದೆಗೆ ತಂದುಕೊಳ್ಳಿ. ಮೊಬೈಲ್ ಬೆಳಕು ಸಾಲದು, ಒಂದು ಕೈಯನ್ನೂ ಕಟ್ಟಿಹಾಕುತ್ತದೆ. ತಲೆಗೆ ಕಟ್ಟುವ ಟಾರ್ಚ್ ಬೇಕು. ಎರಡು ಕೈ, ಎರಡು ಕಾಲಲ್ಲಿ ಮೂರು ಯಾವಾಗಲೂ ಕಲ್ಲಿನ ಮೇಲಿರಲಿ.

ಗರಸಿನ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ಗ್ರಾನೈಟ್‌ನಲ್ಲಿರುವ ಫೆಲ್ಡ್‌ಸ್ಪಾರ್ ಎಂಬ ಖನಿಜ ಕಾಲಾಂತರದಲ್ಲಿ ಜೇಡಿಯಾಗುತ್ತದೆ, ಬೆಣಚಿನ ಹರಳು ಹಾಗೇ ಉಳಿದು ಗರಸಾಗುತ್ತದೆ. ಅಂಗೈಗೆ ಹಾಕಿಕೊಂಡು ನೋಡಿ: ಮಬ್ಬು ಗಾಜಿನಂಥ, ಮೂಲೆ ಮೂಲೆ ಚುಚ್ಚುವ ಕಾಳುಗಳು. ಒಣ ಬಂಡೆ ಶೂವನ್ನು ಗಟ್ಟಿಯಾಗಿ ಹಿಡಿಯುತ್ತದೆ. ಅದೇ ಬಂಡೆಯ ಮೇಲೆ ಗರಸು ಹರಡಿದ್ದರೆ ರಾಗಿ ಚೆಲ್ಲಿದ ಗಾರೆ ನೆಲದ ಹಾಗೆ ಜಾರುತ್ತದೆ. ಇಳಿಯುವಾಗ ಭಯಕ್ಕೆ ಹಿಂದಕ್ಕೆ ವಾಲಿ ಹಿಮ್ಮಡಿ ಊರುವುದೇ ತಪ್ಪು: ಪಾದದ ಹಿಡಿತ ಹಿಮ್ಮಡಿಯಷ್ಟಗಲಕ್ಕೆ ಇಳಿದು ಕಾಲು ಮುಂದಕ್ಕೆ ಹಾರುತ್ತದೆ. ಶೂ ತುದಿಯಿಂದ ಗರಸು ಸರಿಸಿ, ಮಂಡಿ ಬಗ್ಗಿಸಿ, ಪಾದ ಪೂರ್ತಿ ಊರಿ, ಚಿಕ್ಕ ಹೆಜ್ಜೆ ಇಡಿ. ಕಡಿದಾದ ಕಡೆ ಕೂತೇ ಇಳಿಯಿರಿ, ನಾಚಿಕೆ ಬೇಡ. ಅಟ್ಟೆ ಸವೆದ ಶೂ ತೊಟ್ಟು ಬರಲೇಬೇಡಿ.

ಬಂಡೆಯ ಮೈಮೇಲೆ ಇಳಿದ ಕಪ್ಪು ಪಟ್ಟೆಗಳು ನೀರು ಹರಿಯುವ ದಾರಿ. ಅಲ್ಲಿ ಪಾಚಿ ಒಣಗಿ ಅಂಟಿರುತ್ತದೆ, ನಾಲ್ಕು ಹನಿ ಬಿದ್ದರೆ ಸಾಕು, ಲೋಳೆಯಾಗುತ್ತದೆ. ಮಳೆ ಬಂದರೆ ಗುಹೆಯ ಆಸೆ ಬಿಟ್ಟು ಮೆಟ್ಟಿಲ ದಾರಿಗೆ ಬನ್ನಿ.

ತಲಾ ಎರಡು ಲೀಟರ್ ನೀರು ಬೇಕು. ತಿಂಡಿಯನ್ನು ಕೈಯಲ್ಲಿ ಕವರ್‌ನಲ್ಲಿ ಹಿಡಿದರೆ ಕೋತಿಗೇ ತಂದಂತೆ.

ಬಂಡೆಯ ಚಾಚಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಬೀಡಿ, ಸಿಗರೇಟು, ಕೂಗಾಟ, ಸೆಂಟು ಯಾವುದೂ ಬೇಡ. ಎದ್ದವೆಂದರೆ ಕೈ ಬೀಸುತ್ತ ನಿಲ್ಲಬೇಡಿ, ಮುಖ ಮುಚ್ಚಿಕೊಂಡು ಬಂದ ದಾರಿಯಲ್ಲೇ ದೂರ ಹೋಗಿ.