ಕರ್ಟ್ ವಾರ್ನರ್ ರಾತ್ರೋರಾತ್ರಿ ಗೆದ್ದರೇ?

ನಾನು ಅಮೆರಿಕನ್ ಫುಟ್‌ಬಾಲ್ ನೋಡುತ್ತೇನೆಂದು ಗೊತ್ತಿರುವವರು ತಪ್ಪದೆ ಕೇಳುವ ಪ್ರಶ್ನೆ ಇದು: ದಿನಸಿ ಅಂಗಡಿಯಲ್ಲಿ ಸಾಮಾನು ಜೋಡಿಸುತ್ತಿದ್ದ ಕರ್ಟ್ ವಾರ್ನರ್ ರಾತ್ರೋರಾತ್ರಿ ಸೂಪರ್ ಬೌಲ್, ಅಂದರೆ ವೃತ್ತಿಪರ ಲೀಗ್‌ನ ಅಂತಿಮ ಪಂದ್ಯ, ಗೆದ್ದದ್ದು ನಿಜವೇ? ಅಂಗಡಿಯೂ ನಿಜ, ಸೂಪರ್ ಬೌಲೂ ನಿಜ. ರಾತ್ರೋರಾತ್ರಿ ಎಂಬುದು ಮಾತ್ರ ಸುಳ್ಳು.

ದಾಳಿಯ ಆಟವನ್ನು ನಡೆಸುವವನು, ಚೆಂಡನ್ನು ಯಾರಿಗೆ ಎಸೆಯಬೇಕೆಂದು ಕ್ಷಣಾರ್ಧದಲ್ಲಿ ನಿರ್ಧರಿಸುವವನು ಕ್ವಾರ್ಟರ್‌ಬ್ಯಾಕ್. ನಾರ್ದರ್ನ್ ಐಯೋವಾ ವಿಶ್ವವಿದ್ಯಾಲಯದಲ್ಲಿ ವಾರ್ನರ್ ಅವರಿಗೆ ಆ ಸ್ಥಾನ ಖಾಯಂ ಆಗಿ ಸಿಕ್ಕಿದ್ದು ಕೊನೆಯ ವರ್ಷದಲ್ಲಿ. 1994ರಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ಅವರನ್ನು ಶಿಬಿರಕ್ಕೆ ಕರೆದು, ಪಂದ್ಯಗಳು ಶುರುವಾಗುವ ಮೊದಲೇ ಕೈಬಿಟ್ಟಿತು. ಸೀಡರ್ ಫಾಲ್ಸ್ ಊರಿನ ಹೈವೀ ಅಂಗಡಿಯಲ್ಲಿ ಗಂಟೆಗೆ 5.50 ಡಾಲರ್ ಸಂಬಳಕ್ಕೆ ರಾತ್ರಿಪಾಳಿ ಮಾಡಿದ್ದು ಆನಂತರ.

ಜನ ಕಥೆಯನ್ನು ಇಲ್ಲಿಂದ ನೇರವಾಗಿ 1999ಕ್ಕೆ ಹಾರಿಸಿಬಿಡುತ್ತಾರೆ. ನನಗೆ ಮುಖ್ಯವೆನಿಸುವುದು ನಡುವಿನ ಕಾಲ. 1995ರಿಂದ ಮೂರು ಋತು ಅವರು ಐಯೋವಾ ಬಾರ್ನ್‌ಸ್ಟಾರ್ಮರ್ಸ್ ಪರವಾಗಿ ಅರೀನಾ ಫುಟ್‌ಬಾಲ್ ಆಡಿದರು. ಅದು ಒಳಾಂಗಣದ ಆಟ. ನೂರು ಗಜದ ಬದಲು ಐವತ್ತು ಗಜದ ಮೈದಾನ, ಹನ್ನೊಂದರ ಬದಲು ಎಂಟು ಆಟಗಾರರು. ಅಷ್ಟು ಇಕ್ಕಟ್ಟಿನಲ್ಲಿ ಚೆಂಡನ್ನು ಹಿಡಿದುಕೊಂಡು ಯೋಚಿಸುತ್ತ ನಿಲ್ಲುವ ಹಾಗಿಲ್ಲ. 1998ರಲ್ಲಿ ಯುರೋಪಿನ ಲೀಗ್‌ನ ಆಮ್‌ಸ್ಟರ್‌ಡ್ಯಾಮ್ ಅಡ್ಮಿರಲ್ಸ್ ತಂಡದಲ್ಲೂ ಆಡಿ, ಸೇಂಟ್ ಲೂಯಿಸ್ ರಾಮ್ಸ್ ತಂಡದ ಬೆಂಚು ಸೇರಿದರು. ಮರುವರ್ಷ ಹೊಸದಾಗಿ ಕಟ್ಟುತ್ತಿದ್ದ ಕ್ಲೀವ್‌ಲೆಂಡ್ ತಂಡ ಬೇಕಾದರೆ ಆರಿಸಿಕೊಳ್ಳಲಿ ಎಂದು ರಾಮ್ಸ್ ಅವರನ್ನು ಪಟ್ಟಿಗೆ ಹಾಕಿತು. ಕ್ಲೀವ್‌ಲೆಂಡ್‌ಗೂ ಅವರು ಬೇಕಾಗಲಿಲ್ಲ!

1999ರ ಆಗಸ್ಟ್‌ನಲ್ಲಿ ರಾಮ್ಸ್‌ನ ಮುಖ್ಯ ಕ್ವಾರ್ಟರ್‌ಬ್ಯಾಕ್ ಟ್ರೆಂಟ್ ಗ್ರೀನ್ ಅವರ ಮೊಣಕಾಲಿಗೆ ಪೆಟ್ಟಾದದ್ದರಿಂದ ವಾರ್ನರ್ ಅವರಿಗೆ ಬಾಗಿಲು ತೆರೆಯಿತು ಎಂಬುದನ್ನು ಒಪ್ಪುತ್ತೇನೆ. ಆದರೆ ಹಿಂದಿನ ವರ್ಷ ನಾಲ್ಕೇ ಪಂದ್ಯ ಗೆದ್ದಿದ್ದ ತಂಡ ಆ ಸಲ ಹದಿಮೂರು ಗೆದ್ದದ್ದು, ಅವರು 41 ಟಚ್‌ಡೌನ್ ಎಸೆತಗಳನ್ನು (ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ತರುವ ಎಸೆತಗಳನ್ನು) ಕೊಟ್ಟದ್ದು ಅದೃಷ್ಟದ ಬಲದಿಂದಲ್ಲ. ಓಟಗಾರ ತಿರುಗಿ ನೋಡುವ ಮೊದಲೇ ಚೆಂಡು ಅವನತ್ತ ಹೊರಟಿರಬೇಕೆನ್ನುವ ರಾಮ್ಸ್‌ನ ಆಟಕ್ಕೆ ಅರೀನಾದಲ್ಲಿ ಪಳಗಿದ ಕೈ ಹೇಳಿ ಮಾಡಿಸಿದಂತಿತ್ತು.

2000ದ ಜನವರಿ 30ರಂದು ಅಟ್ಲಾಂಟಾದಲ್ಲಿ ಟೆನ್ನೆಸ್ಸಿ ಟೈಟನ್ಸ್ ವಿರುದ್ಧದ ಸೂಪರ್ ಬೌಲ್‌ನಲ್ಲಿ ಅಂಕ 16-16, ಉಳಿದದ್ದು ಸುಮಾರು ಎರಡು ನಿಮಿಷ. ಟೈಟನ್ಸ್‌ನ ರಕ್ಷಣಾ ಆಟಗಾರ ಜೆವಾನ್ ಕರ್ಸ್ ಮೈಮೇಲೆ ಬೀಳುತ್ತಿರುವಾಗಲೇ ವಾರ್ನರ್ ಎಸೆದ ಚೆಂಡು ತುಸು ಗಿಡ್ಡವಾಯಿತು. ರಾಮ್ಸ್‌ನ ಐಸಾಕ್ ಬ್ರೂಸ್ ಓಟ ತಗ್ಗಿಸಿ ಹಿಂದೆ ಸರಿದು ಅದನ್ನು ಹಿಡಿದು, ಗೆರೆಯವರೆಗೂ ಓಡಿದರು. 73 ಗಜಗಳ ಆ ಟಚ್‌ಡೌನ್‌ನಿಂದ ರಾಮ್ಸ್ 23-16ರಿಂದ ಗೆದ್ದಿತು.

ಮುಂದಿನ ಭಾಗವನ್ನು ಯಾರೂ ಕೇಳುವುದಿಲ್ಲ. 2004ರಲ್ಲಿ ನ್ಯೂಯಾರ್ಕ್ ಜೈಂಟ್ಸ್ ತಂಡ ಋತುವಿನ ನಡುವೆಯೇ ಅವರನ್ನು ಕೂರಿಸಿ, ಹೊಸ ಹುಡುಗ ಈಲೈ ಮ್ಯಾನಿಂಗ್ ಅವರನ್ನು ಇಳಿಸಿತು. ಮುಗಿಯಿತೆಂದು ಎಲ್ಲರೂ ಭಾವಿಸಿದ್ದ ವಾರ್ನರ್, ಅದುವರೆಗೆ ಸೂಪರ್ ಬೌಲ್ ಮುಖವನ್ನೇ ನೋಡದಿದ್ದ ಅರಿಝೋನಾ ಕಾರ್ಡಿನಲ್ಸ್ ತಂಡವನ್ನು 2009ರ ಫೆಬ್ರವರಿಯಲ್ಲಿ ಅಲ್ಲಿಗೆ ಕರೆದೊಯ್ದು, ಎಸೆತಗಳಿಂದ ಒಟ್ಟು 377 ಗಜ ಗಳಿಸಿಕೊಟ್ಟು, ಪಿಟ್ಸ್‌ಬರ್ಗ್ ಸ್ಟೀಲರ್ಸ್ ಎದುರು 27-23ರಿಂದ ಸೋತರು. 2010ರ ಜನವರಿಯಲ್ಲಿ, 38ರ ವಯಸ್ಸಿನಲ್ಲಿ, ನಿವೃತ್ತಿ ಘೋಷಿಸಿದರು. 2017ರಲ್ಲಿ ಅವರನ್ನು ವೃತ್ತಿಪರ ಫುಟ್‌ಬಾಲ್‌ನ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ಗೆ ಸೇರಿಸಿಕೊಂಡರು; ಅರೀನಾ ಫುಟ್‌ಬಾಲ್‌ನವರು ಆ ಗೌರವವನ್ನು ಅದಕ್ಕೂ ಮೊದಲೇ ಕೊಟ್ಟಿದ್ದರು.