ತಾಟೆ ಬಲೆ ಬೇಗ ಎಳೆಯಬೇಕು

ಗಂಗೊಳ್ಳಿ ಕಡೆ ನಾಡದೋಣಿಯಲ್ಲಿ ಕಂತಬಲೆ, ಅಂದರೆ ಮೀನು ಕಣ್ಣಿಗೆ ಸಿಕ್ಕಿಬೀಳುವ ಬಲೆ, ಹಾಕುವುದು ನನ್ನ ಕೆಲಸ. ತುಂಬಾ ದೂರ ಹೋಗುವುದಿಲ್ಲ, ಆರೇಳು ಮಾರು ಆಳದ ನೀರಿನಲ್ಲೇ ನಮ್ಮ ದುಡಿಮೆ. ಅಲ್ಲಿ ಸಿಗುವ ಸಣ್ಣ ಶಾರ್ಕನ್ನು ನಾವು ತಾಟೆ ಅನ್ನುತ್ತೇವೆ, ಕಾರವಾರದ ಕಡೆ ಮೋರಿ. ನಮ್ಮ ಬಲೆಗೆ ಬೀಳುವ ಒಂದು ಜಾತಿಯ ಮೂತಿ ಸಲಿಕೆ ಹಾಗೆ ಚಪ್ಪಟೆ. ಬೆಳೆದದ್ದೂ ಮೊಳ, ಒಂದೂವರೆ ಮೊಳ ಅಷ್ಟೇ.

ಹೊಸದರಲ್ಲಿ ಸಂಜೆ ಬಲೆ ಬಿಟ್ಟರೆ ಎಳೆಯುತ್ತಿದ್ದದ್ದು ಬೆಳಗ್ಗೆ. ರಾತ್ರಿಯಿಡೀ ಬಲೆ ನೀರಲ್ಲಿದ್ದರೆ ಮೀನು ಜಾಸ್ತಿ ಅನ್ನುವ ಲೆಕ್ಕ. ಒಂದು ದಿನ ಎರಡು ಬುಟ್ಟಿ ತಾಟೆ ಸಿಕ್ಕಿತು. ಖುಷಿಯಿಂದ ದಡಕ್ಕೆ ತಂದೆ. ಮೀನು ಮಾರುವ ಅಕ್ಕ ಒಂದನ್ನು ಎತ್ತಿ, ಕಿವಿರಿನ ಹತ್ತಿರ ಮೂಗಿಟ್ಟು, ಹಾಗೇ ಬುಟ್ಟಿಗೆ ಹಾಕಿದರು.

"ತಮ್ಮಾ, ಇದನ್ನ್ ಬಾಳಂತಿಗೆ ಹ್ಯಾಂಗ್ ಕೊಡೂದ್?"

ನಮ್ಮಲ್ಲಿ ಹೆರಿಗೆಯಾದವರಿಗೆ ಹಾಲು ಬರಲಿ ಅಂತ ತಾಟೆ ಸಾರು ಮಾಡಿ ಕೊಡುತ್ತಾರೆ. ಹಾಗಾಗಿ ಕೊಳ್ಳುವವರು ಬಂಗುಡೆಗಿಂತ ಇದನ್ನು ಹೆಚ್ಚು ಮೂಸಿ ನೋಡುತ್ತಾರೆ. ನಾನೂ ಮೂಸಿದೆ. ಕಣ್ಣು ಉರಿಯುವಂಥ ಘಾಟು.

ಕಾರಣ ಗೊತ್ತಾದದ್ದು ಆಮೇಲೆ. ಉಪ್ಪುನೀರಿನಲ್ಲಿ ಬಾಳಲು ತಾಟೆ ತನ್ನ ರಕ್ತದಲ್ಲಿ, ಮಾಂಸದಲ್ಲಿ ಯೂರಿಯಾ ಇಟ್ಟುಕೊಂಡಿರುತ್ತದೆ. ಸತ್ತ ಮೇಲೆ ಬ್ಯಾಕ್ಟೀರಿಯಾ ಅದನ್ನು ಅಮೋನಿಯಾ ಮಾಡುತ್ತವೆ. ಈಜಾಡುತ್ತಾ ಉಸಿರಾಡುವ ಮೀನು ಇದು, ಬಲೆಯಲ್ಲಿ ಸಿಕ್ಕಿಕೊಂಡರೆ ಬೇಗ ಸಾಯುತ್ತದೆ. ಅಂದರೆ ನಾನು ಮನೆಯಲ್ಲಿ ಮಲಗಿದ್ದಾಗಲೇ ನನ್ನ ಮೀನು ನೀರಿನಡಿ ಕೆಡುತ್ತಿತ್ತು.

ಅವತ್ತಿನಿಂದ ಬಲೆ ಬಿಟ್ಟು ದೋಣಿಯಲ್ಲೇ ಕಾಯುತ್ತೇನೆ. ಎರಡು ತಾಸಿಗೆ ಎಳೆಯುತ್ತೇನೆ. ಸೀಮೆಎಣ್ಣೆ ಸ್ವಲ್ಪ ಜಾಸ್ತಿ ಖರ್ಚಾಗುತ್ತದೆ, ನಿದ್ದೆಯೂ ಇಲ್ಲ. ಮೀನು ಮೇಲೆ ಬಂದ ತಕ್ಷಣ ಕಿವಿರಿನ ಕೆಳಗೆ ಕೊಯ್ದು ರಕ್ತ ಬಸಿಯುತ್ತೇನೆ. ಹೊಟ್ಟೆ ಸೀಳಿ ಕರುಳು ತೆಗೆಯುತ್ತೇನೆ. ಬೆನ್ನುಮೂಳೆಗೆ ಅಂಟಿಕೊಂಡು ಒಂದು ಕಪ್ಪುಕೆಂಪು ಗೆರೆ ಇರುತ್ತದೆ, ಅದು ಮೂತ್ರಪಿಂಡ. ಅದನ್ನು ಹೆಬ್ಬೆರಳ ಉಗುರಿನಿಂದ ಕೆರೆದು ತೆಗೆಯಬೇಕು. ಹೆಚ್ಚಿನವರು ಬಿಡುವುದು ಇದನ್ನೇ. ಸಮುದ್ರದ ನೀರಲ್ಲಿ ತೊಳೆದು, ಹೊಟ್ಟೆಯೊಳಗೂ ಐಸ್ ತುಂಬಿ ಇಡುತ್ತೇನೆ. ಅದೇ ಅಕ್ಕ ಈಗ ನಾನು ಬರುವುದನ್ನೇ ಕಾಯುತ್ತಾರೆ.

ಹೀಗೆ ದೋಣಿಯಲ್ಲೇ ಹೊಟ್ಟೆ ಸೀಳಲು ಶುರು ಮಾಡಿದ ಮೇಲೆ ಇನ್ನೊಂದು ಕಣ್ಣಿಗೆ ಬಿತ್ತು. ಮೊದಲು ಇಡೀ ಮೀನು ಮಾರುತ್ತಿದ್ದೆ, ಒಳಗೇನಿದೆ ಅಂತ ನೋಡಿದವನೇ ಅಲ್ಲ. ಒಂದು ದಿನ ದಪ್ಪ ಹೊಟ್ಟೆಯದನ್ನು ಸೀಳಿದರೆ ಒಳಗೆ ಮರಿಗಳು! ಎಣಿಸಿದೆ, ಹನ್ನೊಂದು. ಒಂದೊಂದೂ ನನ್ನ ಕೈಬೆರಳಷ್ಟು ಉದ್ದ. ಹೊಕ್ಕುಳಬಳ್ಳಿ ತಾಯಿಗೆ ಅಂಟಿಕೊಂಡೇ ಇತ್ತು, ಬಳ್ಳಿಯ ತುಂಬಾ ಸಣ್ಣ ಸಣ್ಣ ಎಳೆಗಳು. ಮೀನಿಗೂ ಹೊಕ್ಕುಳಬಳ್ಳಿ ಇರುತ್ತದೆ ಅಂತ ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ. ಒಂದು ಬೈಗೆ, ಅಂದರೆ ಭೂತಾಯಿ ಮೀನು, ಹತ್ತಾರು ಸಾವಿರ ಮೊಟ್ಟೆ ಇಡುತ್ತದೆ. ತಾಟೆ ಹೆರುವುದು ಹೆಚ್ಚೆಂದರೆ ಒಂದು ಡಜನ್ ಚಿಲ್ಲರೆ. ಆ ದಿನ ಕೈ ಓಡಲಿಲ್ಲ.

ಕಾನೂನು ಹೆಚ್ಚಾಗಿ ದೊಡ್ಡ ಶಾರ್ಕಿನ ರೆಕ್ಕೆ ವ್ಯಾಪಾರವನ್ನು ನೋಡುತ್ತದೆ. ರೆಕ್ಕೆ ರಫ್ತು 2015ರಲ್ಲೇ ನಿಂತಿದೆ, ಒಳ್ಳೆಯದೇ ಆಯಿತು. ನಮ್ಮ ಸಣ್ಣ ತಾಟೆ ಮಾತ್ರ ಊರಿನ ಸಾರಿಗೇ ಹೋಗುತ್ತದೆ. ಅದರ ಲೆಕ್ಕ ನಾವೇ ಇಡಬೇಕು, ಅಲ್ವಾ?

ಎರಡೇ ತಾಸಿಗೆ ಬಲೆ ಎಳೆಯುವುದರಿಂದ ಕೆಲವು ಜೀವಂತ ಬರುತ್ತವೆ. ಹೊಟ್ಟೆ ದಪ್ಪ ಇದ್ದರೆ ಬಿಡುತ್ತೇನೆ. ಬಾಲ ಹಿಡಿದು ಎತ್ತಬಾರದು, ಒಳಗಿನ ಭಾರಕ್ಕೆ ಬೆನ್ನು ಜಗ್ಗುತ್ತದೆ. ಎಳೆಯುವ ಬದಲು ಬಲೆಯ ಕಣ್ಣನ್ನೇ ಕತ್ತರಿಸುತ್ತೇನೆ, ರಾತ್ರಿ ಕೂತು ಹೊಲಿದರಾಯಿತು. ಕೈ ಒದ್ದೆ ಮಾಡಿಕೊಂಡು, ಒಂದು ಕೈ ಕಿವಿರಿನ ಹಿಂದೆ, ಇನ್ನೊಂದು ಹೊಟ್ಟೆಯ ಕೆಳಗೆ ಇಟ್ಟು ನೀರಿಗೆ ಇಳಿಸುತ್ತೇನೆ. ಎಲ್ಲವೂ ಬದುಕುತ್ತವೆ ಅಂತ ಹೇಳಲಾರೆ. ಕೆಲವು ಒಂದು ಗಳಿಗೆ ಅಂಗೈ ಮೇಲೇ ಸುಮ್ನೆ ನಿಂತಿರುತ್ತವೆ. ಆಮೇಲೆ ಬಾಲ ಬೀಸಿ ಕೆಳಗಿಳಿಯುತ್ತವೆ.